ಮೀಟರ್ ಹಾಕಿದ ಹೊಸ ನಲ್ಲಿ: ನೀರು ಚೆನ್ನಾಗಿದೆ, ರಿಪೇರಿಗೆ ಮಾತ್ರ ಯಾರೂ ಇಲ್ಲ

ಚಿಕ್ಕಮಗಳೂರಿನ ನಮ್ಮ ಬೀದಿಗೆ ಬರುವುದು ಯಗಚಿ ನೀರು. ಹೊಸ ಪೈಪ್ ಹಾಕಿದ ಮೇಲೆ ಎಷ್ಟು ಜೋರಾಗಿ ಬರುತ್ತದೆ ಅಂದರೆ, ಮಹಡಿ ಮೇಲಿನ ಟ್ಯಾಂಕಿಗೆ ಮೋಟಾರ್ ಇಲ್ಲದೆಯೇ ಏರುತ್ತದೆ. ನಾನು ಇಷ್ಟು ನಿರೀಕ್ಷಿಸಿರಲಿಲ್ಲ. ನನ್ನಂಥ ಪಿಂಚಣಿದಾರನಿಗೆ ಕರೆಂಟ್ ಬಿಲ್ಲು ಸ್ವಲ್ಪ ಇಳಿದರೂ ದೊಡ್ಡದೇ.

ನೀರು ಬಿಡುವ ದಿನ ನಲ್ಲಿಯಿಂದ ಮೊದಲು ಬುಸ್ಸೆಂದು ಗಾಳಿ ಬರುತ್ತದೆ. ಆಮೇಲೆ ಬರುವ ಮೊದಲ ಬಕೆಟ್ ಮಣ್ಣು ಬಣ್ಣ, ಅದು ಗಿಡಗಳಿಗೆ. ನೀರು ತಿಳಿಯಾದ ಮೇಲೆ ಮನೆಯವಳು ನಲ್ಲಿ ಬಾಯಿಗೆ ಒಗೆದ ಪಂಚೆ ತುಂಡು ಕಟ್ಟಿ ತಾಮ್ರದ ಬಿಂದಿಗೆ ತುಂಬಿಸುತ್ತಾಳೆ. ಕಾಫಿಗೂ ಸಾರಿಗೂ ಅದೇ ಆಗಬೇಕು. ನಮ್ಮ ಬೋರ್‌ವೆಲ್ ನೀರಲ್ಲಿ ಬೇಳೆ ಸರಿಯಾಗಿ ಬೇಯುವುದೇ ಇಲ್ಲ.

ಬೇಸರ ಶುರುವಾದದ್ದು ಗೇಟಿನ ಮುಂದಿನ ಜಾಯಿಂಟ್ ಸೋರಿದ ಮೇಲೆ. ನೀರು ಬಿಡುವವರ ಆಫೀಸಿಗೆ ಹೋದರೆ, "ಲೈನ್ ಇನ್ನೂ ನಮಗೆ ಹ್ಯಾಂಡೋವರ್ ಆಗಿಲ್ಲ, ಕಂಪನಿಯವರನ್ನೇ ಕೇಳಿ ಸಾರ್" ಅಂದರು. ಗುತ್ತಿಗೆ ಕಂಪನಿಯವರು, "ನಮ್ಮ ಬಿಲ್ ಬಾಕಿ ಇದೆ, ಅದು ಬಂದ ಮೇಲೆ ಕೆಲಸದವರನ್ನು ಕಳಿಸ್ತೀವಿ" ಅಂದರು. ಒಂದು ಮಳೆಗಾಲ ಹೀಗೇ ಕಳೆಯಿತು. ಪೋಲಾಗುವ ನೀರಿನ ಸಂಕಟ ಒಂದು ಕಡೆ. ನೀರು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಆಗ ಸೋರುವ ಜಾಗದಿಂದಲೇ ಹೊರಗಿನ ಕೊಳಕು ಒಳಗೆ ಸೇರಬಹುದು. ಅದಕ್ಕೇ ಈಗ ಕುಡಿಯುವ ನೀರನ್ನು ಕುದಿಸದೆ ಮುಟ್ಟುವುದಿಲ್ಲ. ಮೋಟಾರಿನಲ್ಲಿ ಉಳಿದ ದುಡ್ಡು ಗ್ಯಾಸಿಗೆ ಹೋಗುತ್ತಿದೆ.

ಇಂಥ ಜಗಳಗಳ ಬಗ್ಗೆ ಓದುತ್ತಾ ಹೋದಾಗ ಬೊಲಿವಿಯಾ ದೇಶದ ಕೊಚಬಾಂಬಾ ಊರಿನ ಕಥೆ ಸಿಕ್ಕಿತು. ನೀರು ಪೂರೈಕೆಯನ್ನು ಖಾಸಗಿ ಕಂಪನಿಗೆ ಕೊಟ್ಟರು, ದರ ಏರಿತು, ಜನ ಬೀದಿಗಿಳಿದರು. 2000ದಲ್ಲಿ ಒಪ್ಪಂದ ರದ್ದಾಯಿತು. ಕಂಪನಿ ಪರಿಹಾರ ಕೇಳಿ ವಿಶ್ವಬ್ಯಾಂಕ್ ಬಳಗದ ನ್ಯಾಯಮಂಡಳಿಗೆ ಹೋಯಿತು. ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಆ ಊರಿನವರು ಕೇಳಿದರು, ಮಂಡಳಿ ಒಪ್ಪಲಿಲ್ಲ. ಕೊನೆಗೆ 2006ರಲ್ಲಿ ಕಂಪನಿ ಹೆಸರಿಗಷ್ಟೇ ಹಣ ಪಡೆದು ಕೇಸು ಬಿಟ್ಟಿತು. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲೂ 2005ರಲ್ಲಿ ಸರ್ಕಾರ ಇಂಥದ್ದೇ ಗುತ್ತಿಗೆ ಮುರಿಯಿತು. ಸರ್ಕಾರದ ನಡೆ ತಪ್ಪು, ಆದರೆ ಪರಿಹಾರ ಇಲ್ಲ ಎಂದು 2008ರಲ್ಲಿ ತೀರ್ಪು ಬಂತು.

ಅವು ದೊಡ್ಡ ಊರುಗಳು, ದೊಡ್ಡ ಮೊತ್ತಗಳು. ಆದರೂ ನಲ್ಲಿ ತಿರುಗಿಸುವವರ ಪಾಡು ಅಲ್ಲೂ ಇಲ್ಲೂ ಒಂದೇ ಅಲ್ವಾ? ಬಿಲ್ ಕಟ್ಟುವವರು ನಾವು. ಒಪ್ಪಂದದಲ್ಲಿ ಏನಿದೆ ಅಂತ ನಮಗೇ ತೋರಿಸುವುದಿಲ್ಲ. ಬಾಕಿ ಬಿಲ್ಲಿನ ತಕರಾರು ಏನೇ ಇರಲಿ, ಸೋರಿಕೆ ಇಷ್ಟು ದಿನದೊಳಗೆ ನಿಲ್ಲಬೇಕು ಎಂಬ ಷರತ್ತು ಅದರಲ್ಲಿ ಇರಲೇಬೇಕು. ಅದನ್ನು ಬೋರ್ಡಿನಲ್ಲಿ ಬರೆದು ಹಾಕಬೇಕು.

ಐದಕ್ಕೆ ಮೂರು ಸ್ಟಾರ್, ಮೂರೂ ನೀರಿಗೇ. ಹೊಸ ಸಂಪರ್ಕ ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಗುಂಡಿ ಮುಚ್ಚುವ ಮುಂಚೆ ಒಮ್ಮೆ ನೀರು ಬಿಡಿಸಿ ಜಾಯಿಂಟ್ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ದೂರು ಕೊಟ್ಟರೆ ಸುಮ್ನೆ ಬಾಯಿಮಾತಿಗೆ ಬಿಡಬೇಡಿ, ಆಫೀಸು, ಕಂಪನಿ ಇಬ್ಬರಿಂದಲೂ ಸ್ವೀಕೃತಿ ಬರೆಸಿಕೊಳ್ಳಿ.