ಕಕ್ಕಡದ ಮಳೆ ಮತ್ತು ನನ್ನ ಮೈಕ್ರೋಸ್ಕೋಪ್: ಕೊಳ್ಳುವ ಮೊದಲು ಇದನ್ನು ಓದಿ

ಈ ಮೈಕ್ರೋಸ್ಕೋಪಿಗೆ ಫೈವ್ ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದವರು. ನಾನು ಕೆಲವು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ. ನಮ್ಮದು ಕೊಡಗಿನ ನಾಪೋಕ್ಲು ಕಡೆ, ಕಾಫಿ ತೋಟದ ನಡುವಿನ ಮನೆ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಕಾಲೇಜಿನ ಹಳೆಯ ಕನ್ನಡಿ ಮೈಕ್ರೋಸ್ಕೋಪುಗಳಲ್ಲಿ ಕಣ್ಣು ಕಿರಿದು ಮಾಡಿ ನೋಡಿ ಬೇಸತ್ತು, ಸ್ವಂತ ದುಡ್ಡಿನಲ್ಲಿ ಎಲ್‌ಇಡಿ ದೀಪದ, ಎರಡು ಕಣ್ಣಲ್ಲೂ ನೋಡಬಹುದಾದ ಮಾದರಿಯೊಂದನ್ನು ತರಿಸಿಕೊಂಡೆ. 15 ಸಾವಿರದೊಳಗೆ ಬಂತು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ದರದಲ್ಲಿ ಸಿಗುವ ಬಹುತೇಕ ಮಾದರಿಗಳು ಒಂದೇ ಬಗೆಯವು, ಆದ್ದರಿಂದ ನನ್ನ ದೂರು ಎಲ್ಲಕ್ಕೂ ಹೊಂದುತ್ತದೆ.

ದೂರು ಇಷ್ಟೇ: ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಮಡಿಕೇರಿಯಲ್ಲೇ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಹೋದಷ್ಟೂ ಇನ್ನೂ ಜಾಸ್ತಿ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕೊಡವರ ತಿಂಗಳು) ಒಲೆಯ ಮೇಲೆ ಹಗ್ಗ ಕಟ್ಟಿ ಹರಡಿದ ಬಟ್ಟೆಯೂ ಪೂರ್ತಿ ಒಣಗುವುದಿಲ್ಲ, ಚಪ್ಪಲಿ ಬೆಲ್ಟಿನ ಮೇಲೆಲ್ಲ ಹಸಿರು ಪುಡಿ. ಇಂಥ ಊರಿಗೆ ಬರುವ ಯಂತ್ರವನ್ನು ಅವರು ಕಳಿಸುವುದು ಮರದ ಪೆಟ್ಟಿಗೆಯಲ್ಲಿ, ಸುತ್ತ ದಪ್ಪ ಸ್ಪಂಜು ತುರುಕಿ. ಆ ಸ್ಪಂಜು ತೇವ ಹೀರಿಕೊಂಡು ಲೆನ್ಸಿಗೆ ಅಂಟಿ ಕೂರುತ್ತದೆ. ಬೂಷ್ಟಿಗೆ ಗಾಜೇ ಆಹಾರ ಆಗಬೇಕಿಲ್ಲ. ಅದರ ಮೇಲಿನ ಧೂಳು, ಬೆರಳಿನ ಜಿಡ್ಡು ಸಾಕು. ಬೆಳೆಯುತ್ತ ಅದು ಬಿಡುವ ಆಮ್ಲ ಲೆನ್ಸಿನ ಲೇಪನವನ್ನು ಕೊರೆಯುತ್ತದೆ. ಆಮೇಲೆ ಎಷ್ಟು ಒರೆಸಿದರೂ ಕಲೆ ಹೋಗುವುದಿಲ್ಲ.

ಮೊದಲು ಗೊತ್ತಾಗುವುದು ಚಿತ್ರ ಮಂಕಾಗುವುದರಿಂದ. ಈರುಳ್ಳಿ ಸಿಪ್ಪೆಯ ಕೋಶಭಿತ್ತಿ ಗೆರೆ ಎಳೆದಂತೆ ಕಾಣುತ್ತಿದ್ದದ್ದು ಹಾಲು ಬೆರೆತ ನೀರಿನೊಳಗೆ ನೋಡಿದಂತೆ ಆಯಿತು. ಐಪೀಸನ್ನು, ಅಂದರೆ ಕಣ್ಣಿಡುವ ಲೆನ್ಸನ್ನು, ಕೈಯಲ್ಲಿ ತಿರುಗಿಸಿ ನೋಡಿ: ಕಲೆಯೂ ಜೊತೆಗೆ ತಿರುಗಿದರೆ ಕೊಳೆ ಐಪೀಸಿನಲ್ಲಿದೆ, ಸುಲಭವಾಗಿ ಒರೆಸಬಹುದು. ನನ್ನದರಲ್ಲಿ ಏನೂ ತಿರುಗಲಿಲ್ಲ. ಕೆಳಗಿನ ಲೆನ್ಸುಗಳಲ್ಲಿ 40 ಪಟ್ಟು ಹಿಗ್ಗಿಸುವ 40ಎಕ್ಸ್ ಲೆನ್ಸನ್ನು ಬಿಚ್ಚಿ, ಹಿಂಬದಿಯಿಂದ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಗಾಜಿನ ಅಂಚಿನಿಂದ ನಡುವಿಗೆ ಕವಲೊಡೆಯುತ್ತ ಬಂದ ಬಿಳಿ ಎಳೆಗಳು ಕಂಡವು. 4ಎಕ್ಸ್, 10ಎಕ್ಸ್ ಎರಡೂ ಚೆನ್ನಾಗಿದ್ದವು. ಜೀವಕೋಶದ ಒಳಗನ್ನು ನೋಡಲು ಬೇಕಾದ ಲೆನ್ಸೇ ಹಾಳಾಗಿತ್ತು.

ಫೋನ್ ಮಾಡಿದರೆ, "ಫಂಗಸ್ ವಾರಂಟಿಯಲ್ಲಿ ಬರಲ್ಲ ಮೇಡಂ, ಒಣಗಿದ ಜಾಗದಲ್ಲಿ ಇಡಬೇಕಿತ್ತು" ಅಂದರು. ಹಾಗಿದ್ದರೆ ಅದನ್ನು ಪೆಟ್ಟಿಗೆಯ ಮೇಲೆ ಬರೆಯಬೇಕಿತ್ತು. ಅವರು ಕೊಟ್ಟ ಪುಸ್ತಿಕೆಯಲ್ಲಿ ಬಲ್ಬಿನ ಬಗ್ಗೆ ಒಂದು ಪುಟವಿದೆ, ತೇವದ ಬಗ್ಗೆ ಒಂದು ಸಾಲೂ ಇಲ್ಲ. ಮೈಸೂರಿನಲ್ಲಿ ರಿಪೇರಿ ಮಾಡುವವರೊಬ್ಬರು ಲೆನ್ಸ್ ಬಿಚ್ಚಿ ಶುಚಿ ಮಾಡಿಕೊಟ್ಟರು, ಆದರೆ ಲೇಪನ ಅಷ್ಟರಲ್ಲಿ ಹೋಗಿತ್ತು. ಹೊಸ 40ಎಕ್ಸ್ ಕೊಳ್ಳಬೇಕಾಯಿತು. ಕರಾವಳಿಗೂ ಮಲೆನಾಡಿಗೂ ಮಾಲು ಮಾರುವವರು ಸ್ಪಂಜಿನ ಬದಲು ಗಾಳಿಯಾಡದ ಒಂದು ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಹರಳಿನ ಒಂದು ಪೊಟ್ಟಣ ಕೊಟ್ಟರೆ ಅವರಿಗೆ ಎಷ್ಟು ಖರ್ಚು? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಈಗ ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ಮರದ ಪೆಟ್ಟಿಗೆ ಅಟ್ಟ ಸೇರಿದೆ. ಯಂತ್ರದ ಮೈ ಮೇಜಿನ ಮೇಲೆ ಹತ್ತಿ ಬಟ್ಟೆ ಹೊದ್ದು ಇರುತ್ತದೆ; ಅದಕ್ಕೆ ತೇವದಿಂದ ಅಷ್ಟು ಬೇಗ ಏನೂ ಆಗುವುದಿಲ್ಲ. ಮೇ ಕೊನೆಯಿಂದ ಅಕ್ಟೋಬರ್‌ವರೆಗೆ, ಕೆಲಸ ಮುಗಿದ ಕೂಡಲೇ ಲೆನ್ಸುಗಳನ್ನು ಒಂದೊಂದಾಗಿ ತಿರುಗಿಸಿ ಬಿಚ್ಚಿ, ಅವುಗಳ ಪ್ಲಾಸ್ಟಿಕ್ ಕರಡಿಗೆಗೆ ಹಾಕುತ್ತೇನೆ. ಮೇಲಿನ ತಲೆಭಾಗ ಒಂದೇ ಸ್ಕ್ರೂ ಸಡಿಲಿಸಿದರೆ ಎದ್ದು ಬರುತ್ತದೆ, ಪ್ರಿಸಂ ಇರುವುದು ಅದರೊಳಗೇ. ಎಲ್ಲವೂ ರಬ್ಬರ್ ಅಂಚಿನ ಮುಚ್ಚಳವಿರುವ ದೊಡ್ಡ ಡಬ್ಬಕ್ಕೆ. ತಳದಲ್ಲಿ ಹಳೆಯ ಕಾಲುಚೀಲದೊಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಅದು ಹಸಿರಾದರೆ ತೇವ ತುಂಬಿತೆಂದು ಅರ್ಥ. ಆಗ ಹಿತ್ತಲಿನ ಒಲೆಯಲ್ಲಿ, ಅಡುಗೆಗೆ ಬಳಸದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮಗುಚುತ್ತ ಕೂರಬೇಕು. ಹಸಿರು ಕರಗಿ ಕಿತ್ತಳೆ ಮರಳುವಾಗ ನೋಡಲು ಚೆಂದ. ನೀಲಿ ಬಣ್ಣದ ಹರಳು ಕೊಳ್ಳಬೇಡಿ, ಅದರಲ್ಲಿರುವ ಕೋಬಾಲ್ಟ್ ವಿಷ. ಡಬ್ಬದೊಳಗೆ ತೇವ ಅಳೆಯುವ ಪುಟ್ಟ ಮೀಟರ್ ಇಟ್ಟಿದ್ದೇನೆ. 50 ಶೇಕಡ ದಾಟದಂತೆ ನೋಡಿಕೊಳ್ಳುತ್ತೇನೆ. ಹೊಸ ಲೆನ್ಸ್ ಬಂದ ಮೇಲೆ ಬೂಷ್ಟು ಬಂದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಇಟ್ಟುಕೊಂಡಿರುವುದು ಯಾಕೆಂದರೆ, ಶುಭ್ರವಾದ 40ಎಕ್ಸ್ ಲೆನ್ಸಿನಲ್ಲಿ ನಮ್ಮ ತೋಟ ಬೇರೆಯೇ ಆಗಿ ಕಾಣುತ್ತದೆ.

ಅರೇಬಿಕಾ ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಬರುವುದನ್ನು ಇಲ್ಲಿ ಎಲ್ಲರೂ ನೋಡಿದ್ದಾರೆ, ಎಲೆ ತುಕ್ಕು ಅಂತೇವೆ. 1869ರಲ್ಲಿ ಸಿಲೋನಿನ (ಇಂದಿನ ಶ್ರೀಲಂಕಾ) ಮಾದರಿಯಿಂದ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಹೆಸರು ಪಡೆದ ಈ ಶಿಲೀಂಧ್ರವೇ ಮುಂದೆ ಅಲ್ಲಿನ ಕಾಫಿಯನ್ನು ಮುಗಿಸಿ ಟೀ ತೋಟಗಳಿಗೆ ದಾರಿ ಮಾಡಿಕೊಟ್ಟದ್ದು. ಸೆಲ್ಲೋ ಟೇಪನ್ನು ಎಲೆಯಡಿ ಒತ್ತಿ, ಒಂದು ಹನಿ ನೀರಿನ ಮೇಲೆ ಸ್ಲೈಡಿಗೆ ಅಂಟಿಸಿದೆ. 10ಎಕ್ಸಿನಲ್ಲಿ ಬರೀ ಪುಡಿ. 40ಎಕ್ಸಿಗೆ ಹೋಗಿ ಫೈನ್ ಫೋಕಸನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಒಂದೊಂದೂ ಮೂತ್ರಪಿಂಡದ ಆಕಾರದ ಬೀಜಾಣು: ಬೆನ್ನಿನ ಮೇಲೆಲ್ಲ ಮುಳ್ಳು, ಹೊಟ್ಟೆಯ ಕಡೆ ನುಣುಪು. ಉದ್ದ 30 ಮೈಕ್ರೋಮೀಟರ್ ಆಸುಪಾಸು.

ಅದೇ ಎಲೆಯಡಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಸವರಿ, ಒಣಗಿದ ಮೇಲೆ ಟೇಪಿನಲ್ಲಿ ಎಬ್ಬಿಸಿ ನೋಡಿದರೆ ಪತ್ರರಂಧ್ರಗಳ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳ, ಅಚ್ಚು ಸಿಗುತ್ತದೆ. ಎಲೆಯ ಮೇಲ್ಭಾಗದ ಅಚ್ಚು ತೆಗೆದರೆ ಒಂದೂ ಇಲ್ಲ! ತುಕ್ಕಿನ ಬೀಜಾಣು ಮೊಳೆತು ಒಳಹೋಗುವುದು ಈ ರಂಧ್ರಗಳ ಮೂಲಕವೇ, ಮೊಳೆಯಲು ಅಲ್ಲಿ ನೀರಿನ ಹನಿ ನಿಂತಿರಬೇಕು. ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆಯುವಾಗ ಎಲೆಯಡಿ ನೆನೆಯಬೇಕೆಂದು ಯಾಕೆ ಹೇಳುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ತೋಟದಲ್ಲಿ ಸ್ಪ್ರೇ ಮಾಡುವ ಅಣ್ಣನನ್ನು ಕೂರಿಸಿ ತೋರಿಸಿದೆ. ಬಹಳ ಹೊತ್ತು ನೋಡಿ, "ಇನ್ನು ಗನ್ ಕೆಳಗಿಂದಲೇ ಹಿಡಿಯೋದು, ಅಕ್ಕ" ಅಂದರು.

ನೈಲ್ ಪಾಲಿಶ್ ಕೆಲಸ ಮಕ್ಕಳಿಗೆ ಹುಚ್ಚು ಹಿಡಿಸಿದೆ. ಕಕ್ಕಡ ಹದಿನೆಂಟಕ್ಕೆ ಪಾಯಸಕ್ಕೆ ತಂದ ಮದ್ದುಸೊಪ್ಪಿನ ಅಚ್ಚನ್ನೂ ತೆಗೆದೆವು. ಕಾಫಿ ಎಲೆಯಲ್ಲಿ ಪತ್ರರಂಧ್ರದ ಎರಡೂ ಪಕ್ಕ, ರಂಧ್ರದ ಉದ್ದಕ್ಕೇ ಒರಗಿದ ಎರಡು ಕೋಶಗಳು. ಆಡುಸೋಗೆಯ ಕುಟುಂಬದ ಮದ್ದುಸೊಪ್ಪಿನಲ್ಲಿ ಅದೇ ಜೊತೆ ಅಡ್ಡಡ್ಡ ನಿಂತು ರಂಧ್ರವನ್ನು ಎರಡು ತುದಿಯಲ್ಲಿ ಹಿಡಿದಿರುತ್ತದೆ. ಗಾಳಿಗೆ ಮುರಿದುಬಿದ್ದ ಕೊಂಬೆಯ ಸೀತಾಳೆ (ಆರ್ಕಿಡ್) ಗಿಡದ ಎಲೆಯಿಂದ ತೆಳು ಸಿಪ್ಪೆ ಎಬ್ಬಿಸಿದರೆ ಬಣ್ಣ ಹಾಕದೆಯೇ ಕೋಶಕೇಂದ್ರ ಕಾಣುತ್ತದೆ. 1831ರಲ್ಲಿ ರಾಬರ್ಟ್ ಬ್ರೌನ್ ಅದನ್ನು ಗುರುತಿಸಿ ಹೆಸರಿಟ್ಟದ್ದೂ ಆರ್ಕಿಡ್ ಎಲೆಯ ಸಿಪ್ಪೆಯಲ್ಲೇ. ಕೆರೆಯ ಹೈಡ್ರಿಲ್ಲಾ ಎಲೆಗೆ ಬ್ಲೇಡೂ ಬೇಡ, ಅದರ ದಪ್ಪವೇ ಎರಡು ಪದರ ಜೀವಕೋಶ. ದೀಪದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟುಗಳು ಕೋಶಭಿತ್ತಿಯ ಪಕ್ಕದಲ್ಲೇ ಸುತ್ತು ಹೊರಡುತ್ತವೆ. "ಮಿಸ್, ಇದು ನಡೀತಾ ಇದೆ!" ಎಂದು ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗಿ ಕೂಗಿದಾಗ ಉಳಿದವರೆಲ್ಲ ಐಪೀಸಿಗೆ ಮುಗಿಬಿದ್ದರು.

ಪ್ರಾಣಿ ಜೀವಕೋಶಕ್ಕೆ ಎಲ್ಲರೂ ಕೆನ್ನೆಯ ಒಳಪದರ ಕೆರೆದು ಮೆಥಿಲೀನ್ ಬ್ಲೂ ಹಾಕುತ್ತಾರೆ, ಮಾಡಿ, ಚೆನ್ನಾಗಿ ಬರುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಕೋಳಿ. ಭಾನುವಾರ ಕೋಳಿ ಕುಯ್ಯುವಾಗ ಒಂದು ಹನಿ ರಕ್ತವನ್ನು ಉಪ್ಪುನೀರಿಗೆ (100 ಮಿಲಿಲೀಟರಿಗೆ 0.9 ಗ್ರಾಂ ಉಪ್ಪು) ಬೆರೆಸಿ ನೋಡಿದರೆ ಕೆಂಪು ರಕ್ತಕಣಗಳು ಮೊಟ್ಟೆಯಾಕಾರ, ನಡುವೆ ಕೋಶಕೇಂದ್ರ. ತೋಟದಲ್ಲಿ ಜಿಗಣೆ ಕಚ್ಚಿದ ಕಾಲಿನಿಂದ ನಿಲ್ಲದೆ ಹರಿಯುವ ನಮ್ಮದೇ ರಕ್ತದ ಹನಿಯನ್ನು ಪಕ್ಕದ ಸ್ಲೈಡಿನಲ್ಲಿ ಇಡಿ: ದುಂಡಗೆ, 7–8 ಮೈಕ್ರೋಮೀಟರ್, ಕೋಶಕೇಂದ್ರ ಇಲ್ಲ. ಆಮೇಲೆ ಕವರ್ ಸ್ಲಿಪ್ಪಿನ ಅಂಚಿಗೆ ಬರೀ ನೀರಿನ ಹನಿ ಬಿಟ್ಟರೆ ನಮ್ಮ ಕಣಗಳು ಉಬ್ಬಿ ಒಡೆದು ಮಾಯವಾಗುತ್ತವೆ. ಹೈಡ್ರಿಲ್ಲಾ ಅದೇ ನೀರಿನಲ್ಲಿ ಏನೂ ಆಗದೆ ಇರುತ್ತದೆ, ಅದಕ್ಕೆ ಕೋಶಭಿತ್ತಿಯ ಆಸರೆ ಇದೆ. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಪಟ್ಟಿ ಮಾಡಿಸುವುದನ್ನು ನಾನು ಬಿಟ್ಟದ್ದು ಅಂದಿನಿಂದ. ಬೇರೆಯವರ ರಕ್ತ ಮಾತ್ರ ಮುಟ್ಟಬೇಡಿ, ಬಳಸಿದ ಸ್ಲೈಡನ್ನು ಬ್ಲೀಚಿನಲ್ಲಿ ನೆನೆಸಿ ತೊಳೆಯಿರಿ.

ಕೊಳ್ಳುವವರಿಗೆ ಇನ್ನು ಕೆಲವು ಮಾತು. 2000ಎಕ್ಸ್ ಎಂದು ದೊಡ್ಡಕ್ಷರದಲ್ಲಿ ಹಾಕಿರುವುದನ್ನು ನಂಬಬೇಡಿ. ಬೆಳಕಿನ ಮೈಕ್ರೋಸ್ಕೋಪು ಎಷ್ಟೇ ಒಳ್ಳೆಯದಾದರೂ ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರದ ಎರಡು ಬಿಂದುಗಳನ್ನು ಬೇರೆಬೇರೆ ಮಾಡಿ ತೋರಿಸಲಾರದು. ಅದರಾಚೆ ದೊಡ್ಡದಾಗುವುದು ಮಸುಕು ಮಾತ್ರ. ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಒಳಮಡಿಕೆ ಪಠ್ಯದಲ್ಲಿರುವಂತೆ ಕಾಣಬೇಕೆಂದು ಹೊರಟರೆ ನಿರಾಸೆ, ಆ ಚಿತ್ರಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನವು. ಎಣ್ಣೆ ಹಾಕಿ ನೋಡುವ 100ಎಕ್ಸ್ ಲೆನ್ಸನ್ನು ನಾನು ಬಳಸುವುದೇ ಅಪರೂಪ. ಬ್ಯಾಕ್ಟೀರಿಯ ನೋಡುವ ಹಂಬಲ ಇಲ್ಲದಿದ್ದರೆ ಆ ದುಡ್ಡು ಉಳಿಸಿ. ಕಂಪನಿಯ ಕ್ಯಾಮೆರಾವೂ ಬೇಡ, ಫೋನನ್ನು ಐಪೀಸಿಗೆ ಹಿಡಿದರೆ ಸಾಕಷ್ಟು ಚೆನ್ನಾಗಿ ಬರುತ್ತದೆ. ಎಲ್‌ಇಡಿ ಮಾತ್ರ ಬ್ಯಾಟರಿಯಲ್ಲೂ ಉರಿಯುವಂಥದ್ದೇ ಇರಲಿ. ಮರ ಬಿದ್ದು ಕರೆಂಟು ದಿನಗಟ್ಟಲೆ ಹೋದಾಗಲೂ ನನ್ನ ಪಾಠ ನಿಂತಿಲ್ಲ.

ನಾನು ಕೊಡುವುದು ಮೂರೂವರೆ ಸ್ಟಾರ್. ಬಯಲುಸೀಮೆಯವರು ಧೈರ್ಯವಾಗಿ ಕೊಳ್ಳಿ. ಕೊಡಗಿನವರೂ ಕೊಳ್ಳಿ, ಆದರೆ ದುಡ್ಡು ಕಳಿಸುವ ಮೊದಲು 40ಎಕ್ಸ್ ಲೆನ್ಸ್ ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಡಬ್ಬ, ಸಿಲಿಕಾ ಜೆಲ್, ಮೀಟರ್ ಮೂರನ್ನೂ ಯಂತ್ರದ ಜೊತೆಗೇ ತರಿಸಿ, ಜೂನ್ ಬರುವವರೆಗೆ ಕಾಯಬೇಡಿ.