ರೈಲಿನ ಮುಖ, ಅಜ್ಜಿಯ ಮುಖ

ಮಗನಿಗೆ ಏಳು ವರ್ಷ. ಆಟಿಸಂ ಇದೆ, ಮಾತು ಕಡಿಮೆ, ಮನೆಮಾತು ಕನ್ನಡ. ಎದುರಿಗಿರುವವರಿಗೆ ಸಿಟ್ಟು ಬಂದಿದೆಯೋ ಅಳು ಬಂದಿದೆಯೋ ಅಂತ ಗುರುತಿಸೋದನ್ನು ಕಲಿಸಲು ಒಂದು ವರ್ಷದಲ್ಲಿ ಮೂರು ದಾರಿ ನೋಡಿದೆವು: 'ದಿ ಟ್ರಾನ್ಸ್‌ಪೋರ್ಟರ್ಸ್' ಅನ್ನೋ ಕಾರ್ಟೂನ್ ಸರಣಿ, 'ಮೈಂಡ್ ರೀಡಿಂಗ್' ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್, ಆಮೇಲೆ ನಾನೇ ಮೊಬೈಲಿನಲ್ಲಿ ಜೋಡಿಸಿದ ಮನೆಮಂದಿಯ ಫೋಟೊಗಳು.

ಮೊದಲೆರಡೂ ಕೇಂಬ್ರಿಜ್‌ನ ಆಟಿಸಂ ಸಂಶೋಧಕ ಸೈಮನ್ ಬ್ಯಾರನ್-ಕೋಹೆನ್ ತಂಡದವೇ. ಆದರೆ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ.

ಟ್ರಾನ್ಸ್‌ಪೋರ್ಟರ್ಸ್ 2006ರದ್ದು. ಐದೈದು ನಿಮಿಷದ 15 ಕಂತು, ಕಂತಿಗೊಂದು ಭಾವನೆ, ಜೊತೆಗೆ ಕ್ವಿಜ್. ಎಂಟು ಗಾಡಿಗಳು, ಅವುಗಳ ಮೂತಿಗೆ ನಿಜವಾದ ಮನುಷ್ಯರ ಮುಖ. ನನಗಂತೂ ನೋಡಿ ಒಂಥರಾ ದಿಗಿಲಾಯಿತು. ಮಗ ಕೂತಲ್ಲಿಂದ ಏಳಲಿಲ್ಲ. ಹಳಿ ಬಿಟ್ಟು ಆಚೀಚೆ ಹೋಗದ ಗಾಡಿ ಇಂಥ ಮಕ್ಕಳನ್ನು ಹಿಡಿದಿಡುತ್ತದೆ ಅನ್ನೋದೇ ಅದನ್ನು ಮಾಡಿದವರ ಲೆಕ್ಕಾಚಾರ. ಮುಖ ಕಂಡರೆ ಕತ್ತು ತಿರುಗಿಸುತ್ತಿದ್ದವನು ಗಾಡಿ ನೋಡಲು ಕೂತು ಮುಖವನ್ನೂ ನೋಡಿಬಿಟ್ಟ. 4ರಿಂದ 7 ವರ್ಷದ ಮಕ್ಕಳ ಮೇಲೆ ಅವರು ನಡೆಸಿದ ಅಧ್ಯಯನದಲ್ಲಿ ದಿನಕ್ಕೆ ಕನಿಷ್ಠ ಮೂರು ಕಂತು, ಒಟ್ಟು ನಾಲ್ಕು ವಾರ. ನಮ್ಮಲ್ಲಿ ಹಬ್ಬ, ಜ್ವರ, ನೆಂಟರು ಎಲ್ಲ ಸೇರಿ ಎರಡೂವರೆ ತಿಂಗಳು ಹಿಡಿಯಿತು.

ತೊಡಕಾಗಿದ್ದು ಇಂಗ್ಲಿಷು. ಧ್ವನಿ ಮ್ಯೂಟ್ ಮಾಡಿ ನಾನೇ ಕಥೆ ಹೇಳತೊಡಗಿದೆ. ಆಗ ನಮ್ಮ 'ಬೇಜಾರು' ಕೈಕೊಟ್ಟಿತು. ದುಃಖವಾದರೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಏನಾದರೂ ಅಂದರೂ ಬೇಜಾರು! ಕೊನೆಗೆ ದುಃಖಕ್ಕೆ 'ಅಳು ಬರ್ತಿದೆ' ಅಂತಲೇ ಗೊತ್ತು ಮಾಡಿಕೊಂಡೆವು. ಕ್ವಿಜ್‌ನಲ್ಲಿ ಎಲ್ಲಾ ಸರಿ ಹೇಳುವ ಹೊತ್ತಿಗೆ ನಾನು ಹಿಗ್ಗಿದ್ದೇ ಹಿಗ್ಗು. ಅವನೋ, ಗಾಡಿಯ ಸಿಟ್ಟು ಹೇಳುತ್ತಿದ್ದ, ಎದುರಿಗೆ ನಿಂತ ನನ್ನ ಸಿಟ್ಟು ತಿಳಿಯುತ್ತಿರಲಿಲ್ಲ.

ಮೈಂಡ್ ರೀಡಿಂಗ್ ಒಂಥರಾ ನಿಘಂಟು. 24 ಗುಂಪುಗಳಲ್ಲಿ 412 ಭಾವನೆ. ಮುಖದ ವಿಡಿಯೊ ಬೇರೆ, ದನಿ ಬೇರೆ. ಇಂಗ್ಲಿಷ್ ಓದಬಲ್ಲ ದೊಡ್ಡ ಮಕ್ಕಳಿಗೆ, ವಯಸ್ಕರಿಗೆ ಸರಿ. ನಮ್ಮವನಿಗೆ ಸಮುದ್ರ. ಎರಡೇ ವಾರಕ್ಕೆ ಬಿಟ್ಟೆವು. ಆದರೆ ಒಂದೇ ಭಾವನೆಯನ್ನು ಬೇರೆ ಬೇರೆ ವಯಸ್ಸಿನವರ ಮುಖದಲ್ಲಿ ತೋರಿಸುವ ಅದರ ಉಪಾಯ ಕದ್ದೆ.

ಆ ಕದ್ದ ಉಪಾಯವೇ ನಮ್ಮ ಫೋಟೊ ಕೆಲಸ. 'ಸಿಟ್ಟು ಮಾಡಿ' ಅಂದರೆ ಎಲ್ಲರೂ ನಗುತ್ತಾರೆ, ಹಾಗಾಗಿ ನಿಜವಾಗಿ ಸಿಟ್ಟು ಬಂದಾಗಲೇ ತೆಗೆಯಬೇಕಾಯಿತು (ಮನೆಯಲ್ಲಿ ಇದಕ್ಕೇ ಎರಡು ಜಗಳ). ಒಬ್ಬೊಬ್ಬರದೂ ನಾಲ್ಕೇ ಭಾವನೆ: ಖುಷಿ, ಅಳು, ಸಿಟ್ಟು, ಹೆದರಿಕೆ. ಅವನು ಬರೀ ಬಾಯಿ ನೋಡಿ ಉತ್ತರ ಹೇಳುತ್ತಾನೆ, ಹಲ್ಲು ಕಂಡರೆ ಖುಷಿ ಅನ್ನೋದು ಸಿಕ್ಕಿಬಿದ್ದದ್ದು ಇಲ್ಲೇ. ಹಲ್ಲು ಕಚ್ಚಿದ ಅಪ್ಪನೂ ಖುಷಿ. ಹಲ್ಲುಸೆಟ್ಟು ತೆಗೆದಿಟ್ಟ ಅಜ್ಜಿ ಎಷ್ಟು ನಕ್ಕರೂ ಅಳು! ಅಲ್ಲಿಂದ ಮುಂದೆ ಬೆರಳಿನಿಂದ ಬಾಯಿ ಮುಚ್ಚಿ ಕಣ್ಣು, ಹುಬ್ಬು ತೋರಿಸಿದೆ. ನಿಧಾನ, ಆದರೆ ಅಪ್ಪ ಆಫೀಸಿನಿಂದ ಬಂದ ಕೂಡಲೇ ಹುಬ್ಬು ನೋಡುವುದು ಶುರುವಾಗಿದೆ.

ಒಂದನ್ನೇ ಆರಿಸಿ ಅಂದರೆ ನಾನು ಫೋಟೊ ಅನ್ನುತ್ತೇನೆ. ಖರ್ಚಿಲ್ಲ, ಭಾಷೆ ನಮ್ಮದು. ಆದರೆ ಗಾಡಿಗಳು ಮೊದಲು ಮುಖದ ಕಡೆ ತಿರುಗಿಸದಿದ್ದರೆ ಅವನು ಫೋಟೊ ನೋಡುತ್ತಿದ್ದನೇ, ಅನುಮಾನ.

ಈಗ ದನಿಯ ಸರದಿ. 'ಬಾ ಇಲ್ಲಿ' ಅನ್ನೋದನ್ನು ಮುದ್ದಿಗೊಮ್ಮೆ, ಸಿಟ್ಟಿಗೊಮ್ಮೆ ರೆಕಾರ್ಡ್ ಮಾಡಿಟ್ಟಿದ್ದೇನೆ. ಅಪ್ಪನದು ಗೊತ್ತಾಗುತ್ತದೆ. ನನ್ನದು ಎರಡೂ ಸಿಟ್ಟೇ ಅನ್ನುತ್ತಾನೆ.