ಶಾಸಕರ ಬಜೆಟ್ ಮಾಹಿತಿ ಸಭೆ: ಪುಸ್ತಿಕೆ ಹೇಳದ್ದನ್ನು ಕರೆಂಟ್ ಬಿಲ್ ಹೇಳಿತು

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ ಮಂಡಿಸಿದರು. ಅದರಲ್ಲಿ ನಮಗೇನಿದೆ ಎಂಬುದನ್ನು ಮತದಾರರಿಗೆ ತಿಳಿಸಲೆಂದು ನಮ್ಮ ಕ್ಷೇತ್ರದ ಶಾಸಕರು ಮೇ ತಿಂಗಳ ಒಂದು ಭಾನುವಾರ ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪದಲ್ಲಿ ಮಾಹಿತಿ ಸಭೆ ನಡೆಸಿದರು. ಹತ್ತೂವರೆಯ ಸಭೆ ಶುರುವಾದದ್ದು ಹನ್ನೆರಡಕ್ಕೆ. ಹಾರ ತುರಾಯಿಗಳಿಗೆ ಹೋದ ಹೊತ್ತನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಬಾಗಿಲಲ್ಲೇ ಕೈಗಿತ್ತ ಪುಸ್ತಿಕೆಯ ಕಾಗದ, ಮುದ್ರಣ ಎರಡೂ ಚೆನ್ನಾಗಿವೆ. ಬಜೆಟ್ಟಿನ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ ಎಂದೂ, ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ ಎಂದೂ ದಪ್ಪ ಅಕ್ಷರಗಳಲ್ಲಿದೆ. ಆದರೆ ಇವೆಲ್ಲ ಪತ್ರಿಕೆಗಳಲ್ಲಿ ಆಗಲೇ ಬಂದಿದ್ದ ರಾಜ್ಯಮಟ್ಟದ ಅಂಕಿಗಳು. ನಮ್ಮ ತಾಲ್ಲೂಕಿಗೆ ಯಾವ ಕಾಮಗಾರಿಗೆ ಎಷ್ಟು ಹಣ, ಅದು ಯಾವ ಹಂತದಲ್ಲಿದೆ ಎಂಬುದಕ್ಕೆ ಅರ್ಧ ಪುಟವೂ ಸಿಕ್ಕಿಲ್ಲ. ಶಾಸಕರ ಭಾವಚಿತ್ರಕ್ಕೆ ಮಾತ್ರ ಮೂರು ಪುಟ ಸಿಕ್ಕಿದೆ.

ಸಭೆಗೆ ಹೋದದ್ದು ಸಾರ್ಥಕವೆನಿಸಿದ್ದು ವಿದ್ಯುತ್ತಿನ ವಿಷಯದಲ್ಲಿ. ಮಂಟಪದ ಮೂಲೆಯಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ವಿದ್ಯುತ್ ಕಂಪನಿಯ ಎಂಜಿನಿಯರ್ ಒಬ್ಬರು ಬಂದವರ ಬಿಲ್ಲುಗಳನ್ನು ಒಂದೊಂದಾಗಿ ಬಿಡಿಸಿ ವಿವರಿಸುತ್ತಿದ್ದರು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದೇ ಅಲ್ಲಿದ್ದ ಹಲವರ ನಂಬಿಕೆ. ಅವರವರ 2022-23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿದ್ದೇ ಅವರವರ ಮಿತಿ, ತೀರ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್, 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಲೇಬೇಕು ಎಂದು ಅವರು ಬೇಸರವಿಲ್ಲದೆ ಹೇಳಿದ್ದನ್ನೇ ಹೇಳುತ್ತಿದ್ದರು.

ನಮ್ಮ ಮನೆಯ ಮಂಜೂರಾದ ಲೋಡ್ 3 ಕಿಲೋವ್ಯಾಟ್; ಬೇಸಿಗೆಯ ಆ ತಿಂಗಳು ಬಳಸಿದ್ದು 240 ಯೂನಿಟ್. ಏಪ್ರಿಲ್‌ನಿಂದ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿದದ್ದರಿಂದ 24 ರೂಪಾಯಿ ಉಳಿಯಿತು. ಆದರೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145 ಆದದ್ದಕ್ಕೆ 75 ರೂಪಾಯಿ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆಯಂತೆ 86.40 ರೂಪಾಯಿ ಏರಿತು. ತೆರಿಗೆ ಬಿಟ್ಟು ನಿವ್ವಳ ಹೆಚ್ಚಳ 137.40 ರೂಪಾಯಿ ಎಂದು ಎಂಜಿನಿಯರ್ ನನ್ನ ಬಿಲ್ಲಿನ ಹಿಂಬದಿಯಲ್ಲೇ ಪೆನ್ಸಿಲ್ಲಿನಿಂದ ಕೂಡಿ ಕಳೆದು ತೋರಿಸಿದರು. ಇದ್ಯಾವುದೂ ಬಜೆಟ್ ಭಾಷಣದಲ್ಲಿ ಬಂದದ್ದಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದಿಂದ ಬಂದದ್ದು. ಪುಸ್ತಿಕೆಯ ಇಂಧನ ಅಧ್ಯಾಯದಲ್ಲಿ ಆಯೋಗದ ಹೆಸರೇ ಇಲ್ಲ. ವೇದಿಕೆಯಲ್ಲಿ ಈ ಪ್ರಶ್ನೆ ಎತ್ತಿದಾಗ ಶಾಸಕರು "ಅದು ಆಯೋಗದ ತೀರ್ಮಾನ, ನಮ್ಮ ಕೈಯಲ್ಲಿಲ್ಲ" ಎಂದು ಮುಗಿಸಿಬಿಟ್ಟರು. ಮಾತು ಸುಳ್ಳಲ್ಲ. ಆದರೆ ಆಯೋಗ ದರ ಪರಿಷ್ಕರಣೆಗೆ ಮುಂಚೆ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಿ ವಿಚಾರಣೆ ನಡೆಸುತ್ತದೆ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿದ್ದರೆ, ಮುಂದಿನ ಸಲ ನಾಲ್ಕು ಜನ ಅರ್ಜಿ ಹಾಕುತ್ತಿದ್ದರು.

ಆರೋಗ್ಯದ ಭಾಗ ಅವಸರದಲ್ಲಿ ಮುಗಿಯಿತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂಬುದನ್ನು ಮೂರು ಸಲ ಹೇಳಿದರು. ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ) ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ ಎಂಬುದನ್ನು ಒಮ್ಮೆಯೂ ಹೇಳಲಿಲ್ಲ. ತುರ್ತು ಪರಿಸ್ಥಿತಿ ಹೊರತುಪಡಿಸಿ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು ಎಂಬ ಮುಖ್ಯ ಸಂಗತಿ ಪುಸ್ತಿಕೆಯ ಕೊನೆಯ ಪುಟದಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿದೆ. ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಬಾಣಂತಿಯರು ಸಾವಿಗೀಡಾದುದನ್ನು, ಅದಕ್ಕೆ ಡ್ರಿಪ್ ದ್ರಾವಣವೇ ಕಾರಣವೆಂಬ ಶಂಕೆ ಎದ್ದುದನ್ನು ನೆನಪಿಸಿದ ತಾಯಿಯೊಬ್ಬರು, "ನಮ್ಮ ಆಸ್ಪತ್ರೆಗೆ ಬರೋ ಡ್ರಿಪ್ ಬಾಟಲಿಗಳನ್ನ ಯಾರು ಪರೀಕ್ಷೆ ಮಾಡ್ತಾರೆ ಸ್ವಾಮಿ?" ಎಂದು ಕೇಳಿದರು. ಅಂದಿನ ಅತ್ಯುತ್ತಮ ಪ್ರಶ್ನೆ ಅದೇ. ಲಿಖಿತ ಉತ್ತರ ಕೊಡಿಸುವುದಾಗಿ ಆಪ್ತ ಸಹಾಯಕರು ಆಕೆಯ ಹೆಸರು ಬರೆದುಕೊಂಡರು.

ಮುಂದಿನ ಸಭೆಗೆ ಹೋಗುವವರು ಕರೆಂಟ್ ಬಿಲ್ಲನ್ನೂ ರೇಷನ್ ಕಾರ್ಡನ್ನೂ ಮರೆಯದೆ ಒಯ್ಯಿರಿ. ವೇದಿಕೆಯ ಮುಂದೆ ಕೂರುವುದಕ್ಕಿಂತ ಮೂಲೆಯ ಮೇಜಿನ ಮುಂದೆ ಸಾಲು ನಿಲ್ಲುವುದು ಲೇಸು. ಹನ್ನೆರಡಕ್ಕೆ ಹೋದರೆ ಸಾಕು. ಊಟದ ವ್ಯವಸ್ಥೆಯಿಲ್ಲ, ಚಹಾ ಮಾತ್ರ ಇದೆ.